ಬಾಲ್ ಹೆಬ್ಬಾವಿನ ಆಹಾರಕ್ರಮ

ಬಾಲ್ ಹೆಬ್ಬಾವು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲು, ಕುರುಚಲು ಕಾಡು ಹಾಗೂ ಹೊಲಗಳ ಅಂಚಿನಲ್ಲಿ ಬದುಕುವ ವಿಷವಿಲ್ಲದ ಹಾವು. ಶಾಸ್ತ್ರೀಯ ಹೆಸರು ಪೈಥಾನ್ ರೀಜಿಯಸ್. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಜಾರ್ಜ್ ಶಾ 1802ರಲ್ಲಿ ಇದನ್ನು ಮೊದಲು ವರ್ಣಿಸಿದರು. ಬ್ರಿಟನ್ನಿನಲ್ಲಿ ಇದಕ್ಕೆ ರಾಯಲ್ ಪೈಥಾನ್ ಎಂದು ಹೆಸರು. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡು ಉಂಡೆಯಾಗುವುದು ಇದರ ಸ್ವಭಾವ. ನಮ್ಮ ಕಾಡುಗಳ ಹೆಬ್ಬಾವಿನ ಕುಲಕ್ಕೇ ಸೇರಿದ್ದರೂ ಗಾತ್ರದಲ್ಲಿ ಅದರ ಮುಂದೆ ಇದು ತೀರ ಚಿಕ್ಕದು. ಬೆಳೆದ ಹೆಣ್ಣು ಸಾಮಾನ್ಯವಾಗಿ ನಾಲ್ಕಡಿ ಆಸುಪಾಸಿನಲ್ಲಿ ನಿಲ್ಲುತ್ತದೆ, ಗಂಡು ಇನ್ನೂ ಗಿಡ್ಡ. ಸಾಧು ಸ್ವಭಾವ, ಕಿರಿದಾದ ಮೈ ಮತ್ತು ನೂರಾರು ಬಣ್ಣದ ತಳಿಗಳಿಂದಾಗಿ ಅಮೆರಿಕ ಮತ್ತು ಯುರೋಪುಗಳಲ್ಲಿ ಅತಿ ಹೆಚ್ಚು ಸಾಕಲಾಗುವ ಹಾವುಗಳಲ್ಲಿ ಇದೂ ಒಂದು.

ಇದನ್ನು ಎಷ್ಟು ದಿನಕ್ಕೊಮ್ಮೆ ಉಣಿಸಬೇಕು ಎಂಬುದು ಹೊಸದಾಗಿ ಸಾಕುವವರು ಮೊದಲು ಕೇಳುವ ಪ್ರಶ್ನೆ. ಚುಟುಕು ಉತ್ತರವೂ ಇದೆ: ಮರಿಗೆ ವಾರಕ್ಕೊಮ್ಮೆ, ಬೆಳೆಯುತ್ತಿರುವ ಹಾವಿಗೆ 10ರಿಂದ 14 ದಿನಕ್ಕೊಮ್ಮೆ, ಬೆಳೆದು ನಿಂತದ್ದಕ್ಕೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಆದರೆ ಬೆಳೆದ ಹಾವಿಗೂ ವಾರಕ್ಕೊಂದು ಇಲಿ ಹಾಕುವ ಹಳೆಯ ರೂಢಿ ಇನ್ನೂ ಹೋಗಿಲ್ಲ. ಅದು ಹಾವಿನ ಹೊಟ್ಟೆಯನ್ನು ನೋಡಿ ಹುಟ್ಟಿದ ರೂಢಿಯಲ್ಲ, ಮರಿ ಮಾಡಿಸಿ ಮಾರುವವರ ಅವಸರದಿಂದ ಬೆಳೆದದ್ದು.

ಕಾಡಿನಲ್ಲಿ

ಸೆನೆಗಲ್‌ನಿಂದ ಘಾನಾ, ಟೋಗೊ, ಬೆನಿನ್, ನೈಜೀರಿಯಗಳ ಮೂಲಕ ಪೂರ್ವದಲ್ಲಿ ಉಗಾಂಡದವರೆಗೆ ಈ ಹಾವಿನ ನೆಲೆ ಹಬ್ಬಿದೆ. ಹಗಲೆಲ್ಲ ಇಲಿಬಿಲದಲ್ಲೋ ಗೆದ್ದಲು ಹುತ್ತದಲ್ಲೋ ಅಡಗಿದ್ದು, ಕತ್ತಲಾದ ಮೇಲೆ ಹೊರಡುತ್ತದೆ. ಹುಡುಕಿ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೊಂಚು ಹಾಕಿ ಕೂರುವುದೇ ಇದರ ಬೇಟೆ. ತುಟಿಗಳ ಉದ್ದಕ್ಕೂ ಇರುವ ಶಾಖಗ್ರಾಹಿ ಕುಳಿಗಳಿಂದ ಕತ್ತಲಲ್ಲೂ ಬಿಸಿರಕ್ತದ ಪ್ರಾಣಿಯ ಇರವು ತಿಳಿಯುತ್ತದೆ. ಹತ್ತಿರ ಬಂದದ್ದನ್ನು ಕ್ಷಣಾರ್ಧದಲ್ಲಿ ಕಚ್ಚಿ, ಸುತ್ತಿ, ರಕ್ತಸಂಚಾರ ನಿಲ್ಲುವಂತೆ ಬಿಗಿದು ಕೊಲ್ಲುತ್ತದೆ.

ಆಗ್ನೇಯ ನೈಜೀರಿಯದ ಮಳೆಕಾಡಿನಲ್ಲಿ ಲೂಕ ಲೂಯಿಸೆಲ್ಲಿ ಮತ್ತು ಫ್ರಾನ್ಸೆಸ್ಕೊ ಆಂಜೆಲಿಚಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕುವವರಿಗೂ ಉಪಯುಕ್ತ. ಅಲ್ಲಿ ಗಂಡುಗಳು ಹೆಚ್ಚಾಗಿ ಮರ ಹತ್ತಿ ಹಕ್ಕಿಗಳನ್ನು ಹಿಡಿಯುತ್ತಿದ್ದವು. ದಪ್ಪ ಮೈಯ ಹೆಣ್ಣುಗಳು ನೆಲದ ಮೇಲೆ ಇಲಿ, ಹೆಗ್ಗಣಗಳ ಜಾತಿಯನ್ನು ನಂಬಿಕೊಂಡಿದ್ದವು. ಚಿಕ್ಕ ಹಾವುಗಳ ಹೊಟ್ಟೆಯಲ್ಲಿ ಹಕ್ಕಿಗಳೇ ಹೆಚ್ಚು, ದೊಡ್ಡವುಗಳಲ್ಲಿ ಸಸ್ತನಿಗಳು. ಒಂದೇ ಜಾತಿಯೊಳಗೆ ಲಿಂಗ ಮತ್ತು ಗಾತ್ರಕ್ಕೆ ತಕ್ಕಂತೆ ಊಟ ಇಷ್ಟು ಬದಲಾಗುವಾಗ ಎಲ್ಲ ಹಾವಿಗೂ ಒಂದೇ ವೇಳಾಪಟ್ಟಿ ಹೊಂದುವುದು ಹೇಗೆ?

ಊಟ ಋತುವನ್ನೂ ಅವಲಂಬಿಸಿದೆ. ಹೆಣ್ಣು ಒಣಗಾಲದಲ್ಲಿ ಮೊಟ್ಟೆಯಿಟ್ಟು, ಎರಡು ತಿಂಗಳ ಆಸುಪಾಸು ಅದರ ಸುತ್ತ ಸುರುಳಿ ಬಿಗಿದು ಕಾವಲು ಕೂರುತ್ತದೆ. ಆಗ ಅದು ಏನನ್ನೂ ತಿನ್ನುವುದಿಲ್ಲ. ಅದಕ್ಕೂ ಮುಂಚೆ ಬಸುರಿನ ಕೊನೆಯ ವಾರಗಳಲ್ಲೂ ಊಟ ನಿಂತಿರುತ್ತದೆ. ಅಂದರೆ ವರ್ಷದಲ್ಲಿ ಕೆಲವು ತಿಂಗಳು ಉಪವಾಸವಿರುವುದು ಈ ಜಾತಿಯ ಬದುಕಿನಲ್ಲೇ ಇದೆ.

ಬೆನಿನ್ ದೇಶದ ಊಯಿದಾ ಪಟ್ಟಣದಲ್ಲಿ ದಾಂಗ್ಬೆ ಎಂಬ ಸರ್ಪದೇವತೆಯ ಗುಡಿಯಿದೆ. ಅಲ್ಲಿ ಈ ಹಾವುಗಳನ್ನೇ ಪೂಜಿಸುತ್ತಾರೆ. ಅವುಗಳಿಗೆ ತಟ್ಟೆಯಲ್ಲಿ ಇಟ್ಟು ಉಣಿಸುವ ಪದ್ಧತಿಗಿಂತ, ಆಗೊಮ್ಮೆ ಈಗೊಮ್ಮೆ ರಾತ್ರಿ ಹೊರಗೆ ಬಿಟ್ಟು ಇಲಿ ಹಿಡಿಯಲು ಕಳಿಸುವುದು ವಾಡಿಕೆ. ದಾರಿ ತಪ್ಪಿ ಮನೆಯೊಳಗೆ ಬಂದ ಹಾವನ್ನು ಊರವರು ಗುಡಿಗೆ ಮರಳಿಸುತ್ತಾರೆ. ಹೆಬ್ಬಾವಿನ ಕಾದು ತಿನ್ನುವ ಗುಣವನ್ನು ನಮ್ಮ ಪುರಾಣಗಳೂ ಗಮನಿಸಿವೆ: ಭಾಗವತದ ಏಳನೆಯ ಸ್ಕಂಧದಲ್ಲಿ ಸಹ್ಯಾದ್ರಿಯ ತಪ್ಪಲಿನ ಕಾವೇರಿ ತೀರದಲ್ಲಿ ಮಲಗಿರುವ ಮುನಿಯೊಬ್ಬ, ಬಂದದ್ದನ್ನು ಉಂಡು ಬರದಿದ್ದರೆ ಸುಮ್ಮನಿರುವ ತನ್ನ ಅಜಗರ ವೃತ್ತಿಯನ್ನು ಪ್ರಹ್ಲಾದನಿಗೆ ವಿವರಿಸುತ್ತಾನೆ. ಪ್ರಾಣಿವಿಜ್ಞಾನದ ದೃಷ್ಟಿಯಿಂದಲೂ ಅದು ಸರಿಯಾದ ವರ್ಣನೆ.

ಉಂಡ ಮೇಲೆ ಮೈಯಲ್ಲಿ ಆಗುವುದು

ಹೆಬ್ಬಾವುಗಳ ಜೀರ್ಣಾಂಗ ನಮ್ಮದರಂತೆ ಸದಾ ಸಜ್ಜಾಗಿರುವುದಿಲ್ಲ. ಅಮೆರಿಕದ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ಬರ್ಮಾ ಹೆಬ್ಬಾವಿನ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಬಯಲಿಗೆ ತಂದವು. ಊಟವಿಲ್ಲದ ದಿನಗಳಲ್ಲಿ ಸಣ್ಣಕರುಳು ಕುಗ್ಗಿರುತ್ತದೆ, ಜಠರದಲ್ಲಿ ಆಮ್ಲದ ಸ್ರಾವ ನಿಂತಿರುತ್ತದೆ. ಬೇಟೆ ಒಳಗಿಳಿದ ಒಂದೆರಡು ದಿನಗಳಲ್ಲೇ ಕರುಳಿನ ತೂಕ ಇಮ್ಮಡಿಯಾಗುತ್ತದೆ, ಯಕೃತ್ತು ಮತ್ತು ಮೂತ್ರಪಿಂಡಗಳು ಹಿಗ್ಗುತ್ತವೆ. ಹಾವು ತನ್ನಷ್ಟೇ ತೂಕದ ಬೇಟೆಯನ್ನು ನುಂಗಿದಾಗ ಚಯಾಪಚಯದ ವೇಗ ವಿಶ್ರಾಂತ ಸ್ಥಿತಿಗಿಂತ 40 ಪಟ್ಟಿಗೂ ಮೇಲೆ ಏರಿದ್ದು ದಾಖಲಾಗಿದೆ. 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇನ್ನೊಂದು ವರದಿಯ ಪ್ರಕಾರ ಉಂಡ 48 ಗಂಟೆಗಳೊಳಗೆ ಹೃದಯದ ಕೆಳಕೋಣೆಯ ತೂಕವೇ ಶೇ. 40ರಷ್ಟು ಹೆಚ್ಚುತ್ತದೆ. ಜೀರ್ಣ ಮುಗಿದ ಮೇಲೆ ಎಲ್ಲವೂ ಮತ್ತೆ ಕುಗ್ಗಿ ಮೊದಲಿನಂತಾಗುತ್ತದೆ.

ಬಾಲ್ ಹೆಬ್ಬಾವು ಅಷ್ಟು ದೊಡ್ಡ ಬೇಟೆಯನ್ನು ನುಂಗುವುದು ಅಪರೂಪ. ಆದರೆ ಇದೂ ಅದೇ ಗುಂಪಿನ ಕಾದು ತಿನ್ನುವ ಹಾವು. ಇಂಥ ಹಾವುಗಳಲ್ಲಿ ಊಟ ಊಟದ ನಡುವಿನ ಬಿಡುವು ಖಾಲಿ ಸಮಯವಲ್ಲ, ಅಂಗಗಳು ಹಿಗ್ಗಿ ಕುಗ್ಗುವ ಚಕ್ರದ ಅರ್ಧಭಾಗವದು. ಹಿಂದಿನ ಇಲಿ ಕರಗುವ ಮೊದಲೇ ಮುಂದಿನದನ್ನು ಕೊಡುತ್ತಾ ಹೋದರೆ ಆ ಚಕ್ರ ತಿರುಗುವುದೇ ಇಲ್ಲ.

ಉಪವಾಸವನ್ನು ತಾಳುವ ಶಕ್ತಿಯೂ ಅಷ್ಟೇ ದೊಡ್ಡದು. ಮಾರ್ಷಲ್ ಮಕ್ಯೂ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲ್ ಹೆಬ್ಬಾವು, ಇಲಿಹಾವು ಮತ್ತು ಗಿಲಕಿ ಹಾವುಗಳನ್ನು ಸುಮಾರು ಆರು ತಿಂಗಳು ಊಟವಿಲ್ಲದೆ ಇರಿಸಿ ನೋಡಿದರು. ಹಾವುಗಳು ಚಯಾಪಚಯವನ್ನು ಶೇ. 72ರವರೆಗೆ ತಗ್ಗಿಸಿಕೊಂಡು ಬದುಕಿದವು. ಸಾಲದ್ದಕ್ಕೆ ಉದ್ದದಲ್ಲಿ ಒಂದಿಷ್ಟು ಬೆಳೆದವು ಕೂಡ. ಒಂದು ವಾರ ಹಾವು ಊಟ ಬಿಟ್ಟರೆ ಮನೆಮಂದಿಯೆಲ್ಲ ಕಂಗಾಲಾಗಬೇಕಿಲ್ಲ.

ವಾರಕ್ಕೊಂದು ಇಲಿ ಎಂಬ ರೂಢಿ

ಘಾನಾ, ಟೋಗೊ, ಬೆನಿನ್ ಈ ಮೂರು ದೇಶಗಳಿಂದ ಲಕ್ಷಾಂತರ ಬಾಲ್ ಹೆಬ್ಬಾವುಗಳು ವಿದೇಶಕ್ಕೆ ಹೋಗಿವೆ. ಬಸುರಿ ಹೆಣ್ಣುಗಳನ್ನೋ ಮೊಟ್ಟೆಗಳನ್ನೋ ಹೊಲಗಳಿಂದ ತಂದು, ಮರಿ ಮಾಡಿಸಿ ಕಳಿಸುವ ಉದ್ಯಮ ಅಲ್ಲಿದೆ. ಮೊದಮೊದಲು ಕಾಡಿನಿಂದ ನೇರವಾಗಿ ಹಿಡಿದ ದೊಡ್ಡ ಹಾವುಗಳೇ ಹೆಚ್ಚಾಗಿ ಸಾಗುತ್ತಿದ್ದವು. ಪೆಟ್ಟಿಗೆಯಲ್ಲಿ ತುಂಬಿ, ನೀರು ಕಾಣದೆ, ನುಸಿ ಉಣ್ಣೆಗಳ ಸಮೇತ ಬಂದ ಅವು ತಿಂಗಳುಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಈ ಹಾವು ಊಟದ ವಿಷಯದಲ್ಲಿ ಹಟಮಾರಿ ಎಂಬ ಖ್ಯಾತಿಗೆ ಇದೂ ಒಂದು ಕಾರಣ. ಊಟ ಮಾಡಿಸುವುದೇ ಒಂದು ಸಾಧನೆ ಎನಿಸಿದ ಆ ಕಾಲದಲ್ಲಿ, ತಿನ್ನುವ ಹಾವಿಗೆ ಸಿಕ್ಕಷ್ಟು ತಿನ್ನಿಸುವುದೇ ಒಳ್ಳೆಯ ಸಾಕಣೆ ಎನಿಸಿತು.

1992ರಲ್ಲಿ ಅಮೆರಿಕದಲ್ಲಿ ಬಾಬ್ ಕ್ಲಾರ್ಕ್ ಬಿಳಿ-ಹಳದಿ ಬಣ್ಣದ ಆಲ್ಬಿನೊ ಮರಿಗಳನ್ನು ಪಡೆದ ಮೇಲೆ ತಳಿಗಳ ವ್ಯಾಪಾರ ಭರದಿಂದ ಬೆಳೆಯಿತು. ಅಪರೂಪದ ಬಣ್ಣದ ಹಾವಿಗೆ ಸಾವಿರಾರು ಡಾಲರ್ ಬೆಲೆ ಬಂತು. ಹೆಣ್ಣು 1,500 ಗ್ರಾಂ ತೂಗುವವರೆಗೆ ಅದನ್ನು ಗಂಡಿನ ಜೊತೆ ಬಿಡಬಾರದು ಎಂಬುದು ತಳಿಗಾರರಲ್ಲಿ ಪ್ರಚಲಿತವಾದ ಲೆಕ್ಕ. ಆ ತೂಕ ಎಷ್ಟು ಬೇಗ ಬಂದರೆ ಅಷ್ಟು ಬೇಗ ಹಣ. ಹೀಗಾಗಿ ಐದು ದಿನಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ಮುಂಚೆ, ದೊಡ್ಡ ದೊಡ್ಡ ಇಲಿಗಳನ್ನು ತಿನ್ನಿಸುವ ಪದ್ಧತಿ ಬಂತು. ಇದಕ್ಕೆ ಪವರ್ ಫೀಡಿಂಗ್ ಎಂದು ಹೆಸರು. ವರ್ಷಕ್ಕೆ ಆರೇಳು ಮೊಟ್ಟೆಯಿಡುವ ಹೆಣ್ಣಿಗೆ ಹೆಚ್ಚಿನ ಊಟ ಬೇಕೆಂಬುದು ನಿಜವೇ. ಆದರೆ ಬೈಠಕ್‌ಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ, ಅಷ್ಟಾಗಿ ಓಡಾಡದೆ ಇರುವ ಹಾವಿಗೂ ಅದೇ ಪಟ್ಟಿ ಅಂಟಿಕೊಂಡದ್ದು ತಪ್ಪು. ಈಚಿನ ವರ್ಷಗಳಲ್ಲಿ ಸರೀಸೃಪ ವೈದ್ಯರೂ ಅನುಭವಿ ಸಾಕಣೆದಾರರೂ ಬೆಳೆದ ಹಾವಿನ ಊಟದ ಅಂತರವನ್ನು ಹಿಗ್ಗಿಸುತ್ತಾ ಬಂದಿರುವುದು ಈ ಕಾರಣಕ್ಕೆ.

ವಯಸ್ಸು, ತೂಕ, ಅಂತರ

ಮೊಟ್ಟೆಯಿಂದ ಬಂದ ಮರಿ 50ರಿಂದ 80 ಗ್ರಾಂ ತೂಗುತ್ತದೆ. ಹೊಟ್ಟೆಯಲ್ಲಿ ಉಳಿದ ಹಳದಿಯೇ ಮೊದಲ ವಾರದ ಆಹಾರ. ಒಂದೆರಡು ವಾರದಲ್ಲಿ ಮೊದಲ ಪೊರೆ ಕಳಚಿದ ಮೇಲೆ ಊಟ ಶುರು. ಅಲ್ಲಿಂದ ಸುಮಾರು 500 ಗ್ರಾಂ ಆಗುವವರೆಗೆ, ಅಂದರೆ ಹೆಚ್ಚುಕಡಿಮೆ ಮೊದಲ ವರ್ಷ, ಹಾವಿನ ತೂಕದ ಶೇ. 10ರಿಂದ 15ರಷ್ಟು ತೂಗುವ ಇಲಿಯನ್ನು ಏಳು ದಿನಕ್ಕೊಮ್ಮೆ ಕೊಡುವುದು ರೂಢಿ. ತೀರ ಎಳೆಯ ಮರಿಗೆ ಐದು ದಿನಕ್ಕೆ ಕೊಟ್ಟರೂ ಅಡ್ಡಿಯಿಲ್ಲ. ತೂಕ ಹೆಚ್ಚಿದಂತೆ ಶೇಕಡಾವಾರು ಇಳಿಯಬೇಕು, ಅಂತರ ಹಿಗ್ಗಬೇಕು. 500ರಿಂದ 1,000 ಗ್ರಾಂ ನಡುವೆ 10ರಿಂದ 14 ದಿನ, ಶೇ. 7ರಿಂದ 10. ಅದನ್ನು ದಾಟಿ ಬೆಳೆದು ನಿಂತ ಹಾವಿಗೆ ಶೇ. 5ರ ಸುಮಾರು, ಎರಡು ಮೂರು ವಾರಕ್ಕೊಮ್ಮೆ. ನಾಲ್ಕೈದು ವರ್ಷ ಕಳೆದ ಹಾವಿಗೆ ತಿಂಗಳಿಗೊಂದು ಊಟ ಸಾಕಾಗುವುದೂ ಉಂಟು.

ಲೆಕ್ಕ ಹೀಗೆ: 300 ಗ್ರಾಂ ಹಾವಿಗೆ 30 ಗ್ರಾಂ, ಅಂದರೆ ತಾಯಿಹಾಲು ಬಿಡುವ ಹೊತ್ತಿನ ಇಲಿಮರಿ. 1,500 ಗ್ರಾಂ ಹೆಣ್ಣಿಗೆ 75 ಗ್ರಾಂ ತೂಗುವ ಸಣ್ಣ ಇಲಿ. ಇಷ್ಟು ದಪ್ಪ ಹಾವಿಗೆ ಇಷ್ಟು ಚಿಕ್ಕ ಇಲಿಯೇ ಎಂದು ನೋಡಿದವರಿಗೆ ಅನ್ನಿಸುತ್ತದೆ. ಹಾವಿನ ನಡುವಿನಷ್ಟೇ ದಪ್ಪದ ಬೇಟೆ ಇರಲಿ ಎಂಬ ಹಳೆಯ ಅಳತೆ ಮರಿಗಳ ಮಟ್ಟಿಗೆ ಸರಿ. ಬೆಳೆದ ಹಾವಿಗೆ ಅದನ್ನೇ ಹಿಡಿದರೆ ಊಟ ಅತಿಯಾಗುತ್ತದೆ.

ಈ ಅಂಕಿಗಳೆಲ್ಲ ಆರಂಭದ ಅಂದಾಜು ಮಾತ್ರ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ನೋಟ್‌ಬುಕ್ಕು ಇದ್ದರೆ ಯಾವ ಪಟ್ಟಿಗಿಂತಲೂ ಹೆಚ್ಚು ತಿಳಿಯುತ್ತದೆ. ಮರಿಯನ್ನು ವಾರಕ್ಕೊಮ್ಮೆ, ದೊಡ್ಡದನ್ನು ತಿಂಗಳಿಗೊಮ್ಮೆ, ಊಟಕ್ಕೆ ಮುಂಚೆ ತೂಗಿ ಬರೆದಿಡಬೇಕು. ಮರಿಯ ತೂಕ ನಿಧಾನವಾಗಿ ಏರುತ್ತಿರಬೇಕು, ಬೆಳೆದದ್ದರ ತೂಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಬೆಳೆದ ಹಾವು ತಿಂಗಳು ತಿಂಗಳು ಭಾರವಾಗುತ್ತಿದ್ದರೆ ಅದು ಬೆಳವಣಿಗೆಯಲ್ಲ, ಕೊಬ್ಬು.

ಕಣ್ಣಿಗೂ ಗುರುತು ಸಿಗುತ್ತದೆ. ಆರೋಗ್ಯವಂತ ಬಾಲ್ ಹೆಬ್ಬಾವಿನ ಮೈಯನ್ನು ಅಡ್ಡಕ್ಕೆ ಕಲ್ಪಿಸಿಕೊಂಡರೆ ಮೂಲೆ ಸವೆದ ತ್ರಿಕೋನ: ಬೆನ್ನುಮೂಳೆಯ ಏರು ಮೆತ್ತಗೆ ಕೈಗೆ ಸಿಗುತ್ತದೆ, ಪಕ್ಕಗಳು ತುಂಬಿರುತ್ತವೆ. ಮೂಳೆ ಚೂಪಾಗಿ ಎದ್ದು ಪಕ್ಕಗಳು ಒಳಗೆ ಬಿದ್ದಿದ್ದರೆ ಹಾವು ಬಡವಾಗಿದೆ. ಮೈ ಪೂರ್ತಿ ಗುಂಡಗಾಗಿ, ಸುರುಳಿ ಸುತ್ತಿಕೊಳ್ಳದಿರುವಾಗಲೂ ಹುರುಪೆಗಳ ನಡುವೆ ಚರ್ಮ ಕಾಣುತ್ತಿದ್ದರೆ, ಬಾಲ ಶುರುವಾಗುವಲ್ಲಿ ಸೊಂಟದಂಥ ಉಬ್ಬು ಬಂದು ಅಲ್ಲಿಂದ ಬಾಲ ತಟ್ಟನೆ ಸಣ್ಣಗಾಗಿದ್ದರೆ ಬೊಜ್ಜು. ಹಾವಿನಲ್ಲಿ ಬೊಜ್ಜು ಯಕೃತ್ತಿಗೂ ಇಳಿಯುತ್ತದೆ. ಅಲ್ಲಿ ಕೊಬ್ಬು ತುಂಬಿಕೊಂಡು ಬರುವ ಕಾಯಿಲೆ ಬಹಳ ಕಾಲ ಹೊರಗೆ ಗೊತ್ತೇ ಆಗುವುದಿಲ್ಲ. ಬೊಜ್ಜಿನ ಹಾವನ್ನು ಒಮ್ಮೆಲೇ ಉಪವಾಸ ಕೆಡವುವುದೂ ಸರಿಯಲ್ಲ. ಇಲಿಯ ಗಾತ್ರ ತಗ್ಗಿಸಿ, ಅಂತರವನ್ನು ಒಂದೊಂದೇ ವಾರ ಹಿಗ್ಗಿಸಿ, ಏರಲು ಕೊಂಬೆ, ಅಲೆಯಲು ಜಾಗ ಕೊಡಬೇಕು.

ಹಸಿವಿನ ನಟನೆಗೆ ಮರುಳಾಗಬಾರದು. ರಾತ್ರಿ ಅಡಗುತಾಣದಿಂದ ತಲೆ ಹೊರಗಿಟ್ಟು, ಕತ್ತು ಮಡಚಿ, ನಾಲಗೆ ಆಡಿಸುತ್ತ ಕೂತ ಹಾವು ಹೊಂಚಿನಲ್ಲಿದೆ ಅಷ್ಟೇ. ಸಿಕ್ಕಾಗ ತಿನ್ನು ಎಂಬುದು ಅದರ ಹುಟ್ಟುಗುಣ. ಹೊಟ್ಟೆ ತುಂಬಿದ ಮೂರನೆಯ ದಿನಕ್ಕೂ ಅದು ಹಾಗೆ ಕೂರಬಹುದು.

ಅಂದಹಾಗೆ, ಅತಿ ಹೆಚ್ಚು ಕಾಲ ಬದುಕಿದ ಬಾಲ್ ಹೆಬ್ಬಾವುಗಳು ಮೃಗಾಲಯಗಳಲ್ಲಿವೆ. ಫಿಲಡೆಲ್ಫಿಯಾದಲ್ಲಿ ಒಂದು 47 ವರ್ಷ ಬಾಳಿತು. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣೊಂದು 2020ರಲ್ಲಿ, ಅರವತ್ತು ದಾಟಿದ ಮೇಲೆ, ಹದಿನೈದು ವರ್ಷಗಳಿಂದ ಗಂಡಿನ ಸಂಗವಿಲ್ಲದೆಯೂ ಏಳು ಮೊಟ್ಟೆಯಿಟ್ಟು ಸುದ್ದಿಯಾಯಿತು. ಮನೆಯಲ್ಲೂ 20ರಿಂದ 30 ವರ್ಷ ಬದುಕಬಲ್ಲ ಪ್ರಾಣಿಯನ್ನು ಮೂರು ವರ್ಷದಲ್ಲಿ ದಪ್ಪ ಮಾಡಿ ಮುಗಿಸುವ ಧಾವಂತ ಯಾರಿಗೂ ಬೇಕಿಲ್ಲ.

ಊಟ ಬಿಟ್ಟಾಗ

ಬಾಲ್ ಹೆಬ್ಬಾವು ಸಾಕುವವರಿಗೆ ಈ ಅನುಭವ ಆಗದೇ ಇರುವುದು ಕಡಿಮೆ. ಕಾರಣಗಳಲ್ಲಿ ಕೆಲವು ಸಹಜ, ಕೆಲವು ಸಾಕಣೆಯ ದೋಷ, ಕೆಲವು ರೋಗ. ಪೊರೆ ಬಿಡುವ ಮುನ್ನ ಕಣ್ಣು ನೀಲಿಯಾಗಿ ಮಬ್ಬಾದಾಗ ಹಲವು ಹಾವುಗಳು ತಿನ್ನುವುದಿಲ್ಲ. ಪೊರೆ ಕಳಚುವವರೆಗೆ ಸುಮ್ಮನಿದ್ದರೆ ಸಾಕು. ಪ್ರಾಯಕ್ಕೆ ಬಂದ ಗಂಡುಗಳು ಚಳಿಗಾಲದಲ್ಲಿ, ಅಂದರೆ ಕೂಡುವ ಕಾಲದಲ್ಲಿ, ಎರಡು ಮೂರು ತಿಂಗಳು, ಕೆಲವು ಅದಕ್ಕೂ ಹೆಚ್ಚು ಕಾಲ ಊಟ ಮರೆಯುತ್ತವೆ. ಬಸುರಿ ಹೆಣ್ಣಿನ ವಿಷಯ ಆಗಲೇ ಬಂದಿದೆ. ಹೊಸ ಮನೆಗೆ ಬಂದ ಹಾವನ್ನು ಮೊದಲ ವಾರ ಮುಟ್ಟದೆ, ಆಮೇಲೆ ಊಟ ಇಟ್ಟು ನೋಡಬೇಕು.

ಸಾಕಣೆಯ ದೋಷಗಳಲ್ಲಿ ಮೊದಲನೆಯದು ಶಾಖ. ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25ರಿಂದ 27 ಇರಬೇಕು. ತಣ್ಣಗಿರುವ ಹಾವಿಗೆ ಜೀರ್ಣಿಸುವ ಶಕ್ತಿಯಿಲ್ಲ, ಹಾಗಾಗಿ ತಿನ್ನುವ ಮನಸ್ಸೂ ಇಲ್ಲ. ಎರಡನೆಯದು ಮರೆ. ಬಿಲದಲ್ಲಿ ಬಾಳುವ ಪ್ರಾಣಿಯನ್ನು ನಾಲ್ಕೂ ಕಡೆ ಗಾಜಿರುವ ಬಯಲಲ್ಲಿ ಇಟ್ಟರೆ ಅದು ಹೆದರಿಕೆಯಲ್ಲೇ ದಿನ ಕಳೆಯುತ್ತದೆ. ಬೆಚ್ಚಗಿನ ಬದಿಗೊಂದು, ತಂಪು ಬದಿಗೊಂದು, ಮೈಗೆ ಒತ್ತಿಕೊಂಡಂತಿರುವ ಅಡಗುತಾಣ ಇರಬೇಕು. ಬೇಕಾದಷ್ಟು ಎಲೆ ಕೊಂಬೆಗಳ ಮರೆಯೂ ಇರಲಿ. ಬೇರೇನೂ ಮಾಡದೆ ಈ ಎರಡನ್ನು ಸರಿಪಡಿಸಿದ್ದಕ್ಕೇ ತಿನ್ನಲು ಶುರುಮಾಡಿದ ಹಾವುಗಳು ಬಹಳ.

ಬಿಟ್ಟ ಊಟವನ್ನು ದಿನಾ ಮುಂದೆ ಹಿಡಿಯುವುದು ತಪ್ಪು. ಪ್ರತಿ ಪ್ರಯತ್ನವೂ ಹಾವಿಗೆ ಕಾಟವೇ. ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ನೀಡಿ, ಬೇಡವೆಂದರೆ ತೆಗೆಯಬೇಕು. ತಿಂಗಳುಗಟ್ಟಲೆ ಉಪವಾಸವಿದ್ದರೂ ಬೆಳೆದ ಹಾವಿನ ತೂಕ ಅಷ್ಟಾಗಿ ಇಳಿಯದಿದ್ದರೆ ಕಾಯಬಹುದು. ತೂಕ ಶೇ. 10ಕ್ಕಿಂತ ಹೆಚ್ಚು ಇಳಿದರೆ, ಬಾಯಲ್ಲಿ ಲೋಳೆ, ಒಸಡಿನಲ್ಲಿ ಕೆಂಪು, ಉಸಿರಿನಲ್ಲಿ ಸಿಳ್ಳಿನ ಸದ್ದು, ಮೈಮೇಲೆ ಕಪ್ಪು ನುಸಿಗಳು ಕಂಡರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರೇ ನೋಡಬೇಕು. ಸಂಗ್ರಹ ಕಡಿಮೆ ಇರುವ ಮರಿಗಳ ವಿಷಯದಲ್ಲಿ ಇಷ್ಟು ಕಾಯುವಂತಿಲ್ಲ. ಬಾಯಿ ತೆರೆಸಿ ತುರುಕುವುದು ವೈದ್ಯರ ಕೊನೆಯ ಉಪಾಯ, ಮನೆಯಲ್ಲಿ ಮಾಡುವ ಕೆಲಸವಲ್ಲ. ದೀರ್ಘ ಉಪವಾಸ ಮುರಿದ ಹಾವಿಗೆ ಮೊದಲ ಊಟ ಎಂದಿನದಕ್ಕಿಂತ ಚಿಕ್ಕದಿರಬೇಕು.

ಸ್ಪೈಡರ್ ಎಂಬ ತಳಿಯಲ್ಲಿ ಬಣ್ಣದ ಜೊತೆಗೆ ತಲೆ ಓಲಾಡುವ ನರದೋಷವೂ ಬರುತ್ತದೆ. ಅದು ತೀವ್ರವಾಗಿರುವ ಹಾವುಗಳು ಬೇಟೆಗೆ ಎರಗುವಾಗ ಗುರಿ ತಪ್ಪುತ್ತವೆ. ಇವುಗಳ ಊಟ ಬಿಡುವಿಕೆಗೆ ಹಟ ಕಾರಣವಲ್ಲ.

ಬೇಟೆ ಮತ್ತು ಉಣಿಸುವ ಬಗೆ

ಇದು ಪೂರ್ಣ ಮಾಂಸಾಹಾರಿ. ಸಸ್ಯಾಹಾರಿ ಮನೆಯ ಮಕ್ಕಳು ಹಾಲು, ಪನೀರು, ಮೊಟ್ಟೆಯಾದರೂ ನಡೆಯುವುದಿಲ್ಲವೇ ಎಂದು ಕೇಳುವುದುಂಟು. ನಡೆಯುವುದಿಲ್ಲ. ಕತ್ತರಿಸಿದ ಮಾಂಸದ ತುಂಡೂ ಸಾಲದು. ಮೂಳೆ, ಯಕೃತ್ತು, ಚರ್ಮಗಳ ಸಮೇತ ಇಡೀ ಪ್ರಾಣಿ ಹೋದರಷ್ಟೇ ಸುಣ್ಣ ಮತ್ತು ಜೀವಸತ್ವಗಳು ಸಿಗುತ್ತವೆ. ಹೆಚ್ಚಿನವರು ಕೊಡುವುದು ಸಾಕಿದ ಇಲಿ ಅಥವಾ ಚಿಕ್ಕಿಲಿ. ಕೋಳಿಮರಿ, ಲಾವಕ್ಕಿಯ ಮರಿಗಳನ್ನು ಆಗೊಮ್ಮೆ ಕೊಡಬಹುದು. ಹಟ ಹಿಡಿದ ಹಾವಿಗೆ ಅದರ ತವರಿನ ಬೇಟೆಯಾದ ಮೃದುರೋಮದ ಆಫ್ರಿಕನ್ ಇಲಿ ಹಿಡಿಸುತ್ತದೆ.

ಕೊಂದು ಹೆಪ್ಪುಗಟ್ಟಿಸಿದ ಇಲಿಯನ್ನು ಕರಗಿಸಿ ಕೊಡುವುದೇ ಒಳ್ಳೆಯದು. ಬದುಕಿರುವ ಇಲಿ ಪೆಟ್ಟಿಗೆಯಲ್ಲಿ ಉಳಿದರೆ ತಿನ್ನಲು ಮನಸ್ಸಿಲ್ಲದ ಹಾವನ್ನೇ ಕಚ್ಚಿ ಮಾಂಸ ಕಿತ್ತಿರುವ ಉದಾಹರಣೆಗಳಿವೆ. ಫ್ರಿಜ್ಜಿನಲ್ಲಿ ರಾತ್ರಿಯಿಡೀ ಕರಗಿಸಿ, ಆಮೇಲೆ ಬಿಸಿನೀರಿನಲ್ಲಿ 38 ಡಿಗ್ರಿವರೆಗೆ ಬೆಚ್ಚಗೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿದು ತೋರಿಸಬೇಕು. ಶಾಖದಿಂದ ಬೇಟೆ ಗುರುತಿಸುವ ಹಾವು ತಣ್ಣನೆಯ ಇಲಿಯನ್ನು ಕಡೆಗಣಿಸುವುದು ಸಹಜ. ಮೈಕ್ರೋವೇವ್ ಬೇಡ. ಹೆಪ್ಪುಗಟ್ಟಿದ ಇಲಿಗಳಿಂದ ಮನುಷ್ಯರಿಗೆ ಸಾಲ್ಮೊನೆಲ್ಲಾ ಸೋಂಕು ಹರಡಿದ್ದುಂಟು. ಆದ್ದರಿಂದ ಪಾತ್ರೆ ಬೇರೆ ಇರಲಿ, ಕೈಯನ್ನು ಸೋಪಿನಲ್ಲಿ ತೊಳೆದುಕೊಳ್ಳಬೇಕು.

ಊಟಕ್ಕೆಂದು ಹಾವನ್ನು ಬೇರೆ ಡಬ್ಬಿಗೆ ವರ್ಗಾಯಿಸಬೇಕು, ಇಲ್ಲದಿದ್ದರೆ ಕೈಯನ್ನೇ ಬೇಟೆಯೆಂದುಕೊಳ್ಳುತ್ತದೆ ಎಂಬ ಸಲಹೆ ಬಹಳ ಕಾಲ ಓಡಾಡಿತು. ಇದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚು: ಉಂಡ ಹಾವನ್ನು ಎತ್ತಿದರೆ ಕಕ್ಕಬಹುದು. ಊಟವಾದ 48 ಗಂಟೆ ಅದನ್ನು ಮುಟ್ಟಬಾರದು. ಕಕ್ಕಿದರೆ ಕೂಡಲೇ ಮತ್ತೊಂದು ಇಲಿ ಕೊಡದೆ, ಎರಡು ವಾರವಾದರೂ ಬಿಟ್ಟು, ಶಾಖ ಪರೀಕ್ಷಿಸಿ, ಮೊದಲಿನ ಅರ್ಧ ಗಾತ್ರದ ಊಟದಿಂದ ಆರಂಭಿಸಬೇಕು. ಮತ್ತೆ ಕಕ್ಕಿದರೆ ವೈದ್ಯರ ಬಳಿಗೆ. ಶುದ್ಧ ನೀರು ಮಾತ್ರ ಸದಾ ಇರಬೇಕು, ಅದಕ್ಕೆ ಅಂತರದ ಪ್ರಶ್ನೆಯಿಲ್ಲ.

ಭಾರತದಲ್ಲಿ

ನಮ್ಮ ನೆಲದ ಹೆಬ್ಬಾವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಹೆಬ್ಬಾವು ವಿದೇಶಿ ಜಾತಿ. ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಿಂದ ಇಂಥ ಜಾತಿಗಳು ನಾಲ್ಕನೆಯ ಅನುಸೂಚಿಗೆ ಸೇರಿದವು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳು ಇವನ್ನು ಇಟ್ಟುಕೊಂಡವರು ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸುವುದನ್ನು ಕಡ್ಡಾಯ ಮಾಡಿವೆ. ಮರಿಯಾದರೂ ಸತ್ತರೂ ಕೈ ಬದಲಾದರೂ ತಿಳಿಸಬೇಕು. ಕಳ್ಳಸಾಗಣೆ ಮಾತ್ರ ನಿಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 55 ಬಾಲ್ ಹೆಬ್ಬಾವು, 17 ಕಾಳಿಂಗ ಸರ್ಪ ಮತ್ತು ಸತ್ತುಹೋಗಿದ್ದ ಆರು ಕಪುಚಿನ್ ಕೋತಿಗಳು ಸಿಕ್ಕವು. ಹೀಗೆ ಬಂದ ಹಾವು ಎಷ್ಟು ದಿನ ಉಪವಾಸವಿತ್ತು, ಯಾವ ರೋಗ ಹೊತ್ತು ತಂದಿದೆ ಎಂಬುದು ಮಾರುವವರಿಗೂ ತಿಳಿಯದು. ಸಾಕುವ ಆಸೆ ಇರುವವರು ಆಮದಿನ ಹಾಗೂ ನೋಂದಣಿಯ ಕಾಗದಗಳನ್ನೂ ಹಾವಿನ ಊಟ ಮತ್ತು ತೂಕದ ದಾಖಲೆಯನ್ನೂ ಕೇಳಿ ನೋಡಬೇಕು. ಅವು ಇಲ್ಲದ ಹಾವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.